ವೈಫೈ ಇದೆ, ಓಟಿಪಿ ಬರಲ್ಲ: ಒಂದೇ ಲಾಗಿನ್‌ನ ಹಿಂದಿನ ಕತೆ

ಮಡಿಕೇರಿಯಿಂದ ನಾಪೋಕ್ಲು, ಕಕ್ಕಬ್ಬೆ ಕಡೆಗೆ ಹೋದರೆ ತೋಟದ ಮನೆಗಳಲ್ಲೂ ಈಗ ಫೈಬರ್ ಇಂಟರ್ನೆಟ್ ಕಾಣಸಿಗುತ್ತದೆ. ವೈಫೈಯಲ್ಲಿ ವಿಡಿಯೊ ಕಾಲ್ ಸಲೀಸು. ಆದರೆ ಎಷ್ಟೋ ಕಡೆ ಮೊಬೈಲಿನಲ್ಲಿ ರೇಂಜ್ ಮಾತ್ರ ಸೊನ್ನೆ. ನಮ್ಮ ಮನೆಯದೂ ಅದೇ ಕತೆ. ವೆಬ್‌ಸೈಟ್ ತೆರೆಯುತ್ತದೆ, ಹೆಸರು ಹಾಕುತ್ತೇವೆ, ಆಮೇಲೆ ಅದು ಓಟಿಪಿ ಕೇಳುತ್ತದೆ. ಓಟಿಪಿ ಬರುವುದು ಗೇಟಿನಾಚೆಯ ದಿಬ್ಬದ ಮೇಲೆ. ಅಲ್ಲಿಗೆ ವೈಫೈ ತಲುಪುವುದಿಲ್ಲ. ಹಾಗಾಗಿ ಒಬ್ಬರು ದಿಬ್ಬ ಹತ್ತಿ ಅಂಕಿ ಕೂಗಬೇಕು, ಇನ್ನೊಬ್ಬರು ಕೆಳಗೆ ಕೂತು ಟೈಪ್ ಮಾಡಬೇಕು. ಮಳೆ ಜೋರಿದ್ದರೆ ಆರು ಏಳಾಗಿ ಕೇಳಿಸುತ್ತದೆ.

ಲಾಗಿನ್ ಸುಲಭವಾಗಲಿ, ಭದ್ರವೂ ಆಗಲಿ ಎಂದು ಜನ ತಲೆ ಕೆಡಿಸಿಕೊಂಡು ದಶಕಗಳೇ ಆದವು. ಅದು ಈ ದಿಬ್ಬಕ್ಕೆ ಬಂದು ನಿಂತದ್ದು ಹೇಗೆ?

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಶುರುವಿನಲ್ಲಿ, ಅಮೆರಿಕದ ಎಂಐಟಿಯಲ್ಲಿ. ಹಲವರು ಹಂಚಿಕೊಳ್ಳುತ್ತಿದ್ದ ಒಂದು ಯಂತ್ರಕ್ಕಾಗಿ. 1962ರಲ್ಲೇ ಅಲ್ಲಿನ ಸಂಶೋಧಕರೊಬ್ಬರು ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡರು. ಕಾರಣ ಇಷ್ಟೇ, ಅವರಿಗೆ ಯಂತ್ರದ ಮುಂದೆ ಇನ್ನೂ ಜಾಸ್ತಿ ಹೊತ್ತು ಬೇಕಿತ್ತು. 1980ರ ದಶಕದಲ್ಲಿ ಅದೇ ಎಂಐಟಿಯಲ್ಲಿ ಕೆರ್ಬೆರೊಸ್ ಎಂಬ ವ್ಯವಸ್ಥೆ ಹುಟ್ಟಿತು. ಬೆಳಗ್ಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಒಂದು ಟಿಕೆಟ್ ಸಿಗುತ್ತದೆ. ಅವಧಿ ಮುಗಿಯುವ ತನಕ ಅದೇ ಟಿಕೆಟ್ ತೋರಿಸಿಕೊಂಡು ಓಡಾಡಬಹುದು.

ಇದು ನಮ್ಮ ತೋಟದ ಚೀಟಿಯ ಹಾಗೆ. ತೋಟದ ಲೆಕ್ಕ ಬರೆಯುವ ರೈಟರ್ ಸಹಿ ಹಾಕಿದ ಚೀಟಿ ತೋರಿಸಿದರೆ ಅಂಗಡಿಯವನು ಅಕ್ಕಿ ಕೊಡುತ್ತಾನೆ. ಬಂದವನ ಮನೆ ಎಲ್ಲಿ, ಪೆಟ್ಟಿಗೆಯ ಬೀಗದಕೈ ಎಲ್ಲಿ ಅಂತ ಕೇಳುವುದಿಲ್ಲ. ಅವನು ನಂಬುವುದು ಸಹಿಯನ್ನು. 'ಗೂಗಲ್ ಮೂಲಕ ಲಾಗಿನ್' ಒತ್ತಿದಾಗಲೂ ಹೀಗೇ ಆಗುತ್ತದೆ. ಆ ವೆಬ್‌ಸೈಟಿಗೆ ನಿಮ್ಮ ಪಾಸ್‌ವರ್ಡ್ ಸಿಗುವುದೇ ಇಲ್ಲ. 'ಇವರು ಇಂಥವರು' ಎಂದು ಸಹಿ ಮಾಡಿದ, ಸ್ವಲ್ಪ ಹೊತ್ತು ಮಾತ್ರ ನಡೆಯುವ ಒಂದು ಚೀಟಿ ಸಿಗುತ್ತದೆ.

ಚೀಟಿ ಬರೆಯುವ ರೈಟರ್ ಯಾರಾಗಬೇಕು ಎಂಬುದರ ಮೇಲೆ ಹತ್ತು ಹದಿನೈದು ವರ್ಷ ಜಗ್ಗಾಟ ನಡೆಯಿತು. 1999ರಲ್ಲಿ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಎಂಬ ಒಂದೇ ಲಾಗಿನ್ ಸೇವೆ ಬಂದಾಗ, ಎಲ್ಲರ ಬೀಗದಕೈ ಒಬ್ಬರ ಕೈಗಾ ಎಂದು ಉಳಿದವರು ಹಿಂಜರಿದರು. 2005ರ ಓಪನ್‌ಐಡಿಯಲ್ಲಿ ರೈಟರನ್ನು ನೀವೇ ಆರಿಸಬಹುದಿತ್ತು. ಆದರೆ ಹೆಸರಿನ ಜಾಗದಲ್ಲಿ ಒಂದು ವೆಬ್ ವಿಳಾಸ ಬರೆಯಬೇಕಿತ್ತು. ಸಾಮಾನ್ಯ ಜನ ಅದನ್ನು ಒಪ್ಪಲಿಲ್ಲ. 2012ರಲ್ಲಿ ಓಆತ್ 2.0, ಅದರ ಮೇಲೆ 2014ರಲ್ಲಿ ಓಪನ್‌ಐಡಿ ಕನೆಕ್ಟ್ ಎಂಬ, ಚೀಟಿ ಹೇಗಿರಬೇಕು ಎಂದು ಹೇಳುವ ಮಾನಕಗಳು ಬಂದವು. ಈಗ ಕಾಣುವ ಬಟನ್‌ಗಳಲ್ಲಿ ಜಾಸ್ತಿ ಪಾಲು ಇವುಗಳ ಮೇಲೇ ನಿಂತಿವೆ. ಕೊನೆಗೆ ರೈಟರ್ ಕೆಲಸ ಸಿಕ್ಕಿದ್ದು ಎರಡು ಮೂರು ದೊಡ್ಡ ಕಂಪನಿಗಳಿಗೆ. ಹಾಗಾದರೆ ಏನು ತೊಂದರೆ ಎಂಬುದು 2018ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಫೇಸ್‌ಬುಕ್‌ನಿಂದ ಸುಮಾರು 3 ಕೋಟಿ ಜನರ ಚೀಟಿಗಳು ಕಳವಾದವು. ಪಾಸ್‌ವರ್ಡ್ ಯಾರದ್ದೂ ಹೋಗಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ.

ಭಾರತದಲ್ಲಿ ಕತೆ ಬೇರೆ ದಾರಿ ಹಿಡಿಯಿತು. 2009ರಲ್ಲಿ ರಿಸರ್ವ್ ಬ್ಯಾಂಕ್, ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ಪರೀಕ್ಷೆ ಕಡ್ಡಾಯ ಮಾಡಿತು. ಒಳ್ಳೆಯ ನಿಯಮವೇ. ಆ ಜಾಗಕ್ಕೆ ನಿಧಾನವಾಗಿ ಎಸ್ಸೆಮ್ಮೆಸ್ ಓಟಿಪಿ ಬಂದು ಕೂತಿತು. ಆಮೇಲೆ ಆಧಾರ್, 2015ರಲ್ಲಿ ಡಿಜಿಲಾಕರ್. 2022ರಲ್ಲಿ ಹಲವು ಸರ್ಕಾರಿ ಸೇವೆಗಳಿಗೆ ಒಂದೇ ಲಾಗಿನ್ ಆಗಲಿ ಎಂದು 'ಮೇರಿ ಪೆಹಚಾನ್'. ಹೆಬ್ಬಾಗಿಲು ಒಂದೇ ಆಯಿತು ನಿಜ. ಆದರೆ ಹೆಚ್ಚಿನವರಿಗೆ ಅದರ ಬೀಗದಕೈ ಮೊಬೈಲ್ ನಂಬರೇ.

ನಂಬರ್ ಎಂದರೆ ಮನುಷ್ಯ ಎಂದು ಯಾರೋ ಎಲ್ಲೋ ಅಂದುಕೊಂಡಂತಿದೆ. ಕೊಡಗಿನಲ್ಲಿ ಹಾಗಿಲ್ಲ. ಈ ಕಣಿವೆಗೆ ಒಂದು ಕಂಪನಿಯ ಟವರ್, ಆಚೆ ಕಣಿವೆಗೆ ಇನ್ನೊಂದರದ್ದು. ಮನೆ ಬದಲಾದರೆ ಸಿಮ್ಮೂ ಬದಲು. ಅಸ್ಸಾಮಿನಿಂದ ಕೆಲಸಕ್ಕೆ ಬಂದು ತೋಟದ ಲೈನ್ ಮನೆಯಲ್ಲಿರುವವರಂತೂ ತೋಟ ಬಿಟ್ಟು ತೋಟಕ್ಕೆ ಹೋಗುತ್ತಿರುತ್ತಾರೆ. ಬಿಟ್ಟ ನಂಬರ್ ಬಂದ್ ಆಗಿ 90 ದಿನ ಕಳೆದರೆ ಅದನ್ನು ಬೇರೆಯವರಿಗೆ ಕೊಡಬಹುದು. ಆಮೇಲೆ ನಿಮ್ಮ ಓಟಿಪಿ ಅವರ ಫೋನಿನಲ್ಲಿ ಟಿಣ್ ಅನ್ನುತ್ತದೆ. ಇನ್ನು ಸ್ವಂತ ಫೋನಿಲ್ಲದ ಅಜ್ಜಿಯ ಅರ್ಜಿಗೆ ಸೈಬರ್ ಸೆಂಟರಿನ ಹುಡುಗ ತನ್ನದೇ ನಂಬರ್ ಹಾಕಿಬಿಡುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ, ಕೆಲಸ ಮುಗಿಯಬೇಕು ಅಷ್ಟೇ. ಆದರೆ ಅಜ್ಜಿಯ ಪಿಂಚಣಿಯ ಬೀಗದಕೈ ಈಗ ಅವನ ಜೇಬಿನಲ್ಲಿದೆ, ಅಲ್ವಾ?

ಬೇರೆ ದಾರಿ ಇರಲಿಲ್ಲವೇ? ಇತ್ತು. 2011ರಲ್ಲೇ ಟಿಒಟಿಪಿಗೆ, ಅಂದರೆ ಗಡಿಯಾರ ನೋಡಿ ಫೋನೇ ಲೆಕ್ಕ ಹಾಕುವ ಓಟಿಪಿಗೆ, ಒಂದು ಸಾರ್ವಜನಿಕ ಮಾನಕ ಬಂದಿತ್ತು. ನಿಮ್ಮ ಫೋನಿಗೂ ವೆಬ್‌ಸೈಟಿಗೂ ಮೊದಲೇ ಒಂದು ಗುಟ್ಟು ಗೊತ್ತಿರುತ್ತದೆ. ಆ ಗುಟ್ಟನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ ಎರಡೂ ಕಡೆ ಒಂದೇ ಕೋಡ್ ಲೆಕ್ಕ ಹಾಕುತ್ತವೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ಟವರ್ ಬೇಡ, ಸಿಮ್ ಬೇಡ. ತಡಿಯಂಡಮೋಳ್ ತುದಿಯಲ್ಲೂ, ಅದರ ಬುಡದ ಕತ್ತಲ ಕಣಿವೆಯಲ್ಲೂ ಒಂದೇ ಥರ ಕೆಲಸ ಮಾಡುತ್ತದೆ. ಹಾಗಿದ್ದರೂ ಎಸ್ಸೆಮ್ಮೆಸ್ ಬಿಟ್ಟರೆ ಬೇರೆ ಆಯ್ಕೆಯನ್ನೇ ಕೊಡದ ಪುಟಗಳನ್ನು ನಾನು ಎಣಿಸುವುದು ಬಿಟ್ಟಿದ್ದೇನೆ. 2019ರ ಕೊನೆಗೆ ಭಾರತಕ್ಕೆ ಬಂದ ವೈಫೈ ಕಾಲಿಂಗ್‌ನಿಂದ ಕೆಲವು ಮನೆಗಳಿಗೆ ಒಳಗೇ ಎಸ್ಸೆಮ್ಮೆಸ್ ಸಿಗುತ್ತಿದೆ. ಅದಕ್ಕೆ ಒಪ್ಪುವ ಫೋನ್, ಒಪ್ಪುವ ಸಿಮ್ ಇದ್ದರೆ ಮಾತ್ರ.

ಭದ್ರತೆಯ ಮಾತಿಗೆ ಬಂದರೂ ಓಟಿಪಿ ಅಷ್ಟಕ್ಕಷ್ಟೇ. ಫೋನಿನಲ್ಲಿ ಸಿಹಿಯಾಗಿ ಕೇಳಿದರೆ ಜನ ಹೇಳಿಬಿಡುತ್ತಾರೆ. ನಕಲಿ ಪುಟದಲ್ಲಿ ಟೈಪ್ ಮಾಡಿಬಿಡುತ್ತಾರೆ. ಈ ವಿಷಯದಲ್ಲಿ ಟಿಒಟಿಪಿಯೂ ದೊಡ್ಡ ಸಾಚಾ ಅಲ್ಲ.

ಇದಕ್ಕೆ ಸರಿಯಾದ ಮದ್ದು ಪಾಸ್‌ಕೀ. 2019ರಲ್ಲಿ ಇದರ ತಳಹದಿಯಾದ ವೆಬ್‌ಆಥೆನ್ ಎಂಬ ಮಾನಕ ಒಪ್ಪಿಗೆಯಾಯಿತು. 2022ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಇದರ ಬೆನ್ನಿಗೆ ನಿಂತವು. ಇಲ್ಲಿ ಕೀಲಿಯಲ್ಲಿ ಎರಡು ಭಾಗ. ಗುಟ್ಟಿನದು ನಿಮ್ಮ ಬಳಿ, ಬಯಲಿನದು ವೆಬ್‌ಸೈಟಿನಲ್ಲಿ. ಬೆರಳು ಒತ್ತಿದರೆ ಫೋನೇ ಸಹಿ ಹಾಕಿ ಕಳಿಸುತ್ತದೆ. ವೆಬ್‌ಸೈಟಿಗೇ ಕನ್ನ ಬಿದ್ದರೂ ಕಳ್ಳನಿಗೆ ಸಿಗುವುದು ಬಯಲಿನ ಭಾಗ, ಅದರಿಂದ ಲಾಗಿನ್ ಆಗುವುದಿಲ್ಲ. ನಕಲಿ ಪುಟದ ವಿಳಾಸ ಬೇರೆಯಾದ್ದರಿಂದ ಫೋನ್ ಅಲ್ಲಿ ಕೀಲಿಯನ್ನು ಹೊರಗೇ ತೆಗೆಯುವುದಿಲ್ಲ. ನಾವು ಮೋಸ ಹೋದರೂ ಅದು ಹೋಗುವುದಿಲ್ಲ. ಚೀಟಿ ಬರೆಯುವ ಆ ಒಂದು ಖಾತೆಗೆ ಪಾಸ್‌ಕೀ ಹಾಕಿಕೊಂಡರೆ ಅದರ ಹಿಂದಿನ ಹತ್ತಾರು ಲಾಗಿನ್‌ಗಳೂ ಗಟ್ಟಿಯಾಗುತ್ತವೆ. ಮುಖ್ಯವಾಗಿ, ವೈಫೈ ಇದ್ದರೆ ಸಾಕು.

ಹೋದ ಮಳೆಗಾಲದಲ್ಲಿ ನನ್ನ ಫೋನ್ ನೀರಿಗೆ ಬಿತ್ತು. ಪಾಸ್‌ಕೀಗಳ ನಕಲು ಆನ್‌ಲೈನ್ ಖಾತೆಯಲ್ಲಿ ಇತ್ತು, ಹಾಗಾಗಿ ಗಾಬರಿಯಾಗಲಿಲ್ಲ. ಕುಶಾಲನಗರದಲ್ಲಿ ಹೊಸ ಫೋನ್ ಕೊಂಡು ತಂದು, ಮನೆಯಲ್ಲಿ ಕೂತು ವೈಫೈಗೆ ಹಾಕಿದೆ. ಇದು ನೀವೇನಾ ಎಂದು ಖಚಿತ ಮಾಡಿಕೊಳ್ಳಬೇಕು ಎಂದಿತು ಖಾತೆ. ನನ್ನ ನಂಬರಿಗೆ ಆರಂಕಿಯ ಕೋಡ್ ಕಳಿಸಿದೆಯಂತೆ.

ಕೊಡೆ ಹಿಡಿದು ದಿಬ್ಬ ಹತ್ತಿದೆ.