ಕಾಯಿಲೆ ಇಲ್ಲದ ಅಮ್ಮನಿಗೆ ಕೊರೊನಾ ಬಂದರೆ ಭಯ ಇಲ್ವಾ?

ಪ್ರಶ್ನೆ: ಅಪ್ಪನಿಗೆ 72 ವರ್ಷ. ಶುಗರ್, ಬಿಪಿ ಎರಡೂ ಇದೆ. ಅಮ್ಮನಿಗೆ 70, ದಿನಕ್ಕೊಂದು ಮಾತ್ರೆಯೂ ಇಲ್ಲ. ಕೊರೊನಾ ಬಂದು ಆಸ್ಪತ್ರೆ ಸೇರುವ ಹಾಗಾದರೆ ಅಪಾಯ ಅಪ್ಪನಿಗೆ ಮಾತ್ರ ಅಲ್ವಾ?

ಉತ್ತರ: ಅಪ್ಪನಿಗೆ ಅಪಾಯ ಜಾಸ್ತಿ, ನಿಜ. ಆದರೆ ಅಮ್ಮನನ್ನು ಲೆಕ್ಕದಿಂದ ಬಿಡಬೇಡಿ. ಕೊರೊನಾದಲ್ಲಿ ವಯಸ್ಸಿನ ಪಾಲೇ ದೊಡ್ಡದು.

2020ರ ಫೆಬ್ರುವರಿಯಲ್ಲಿ ಚೀನಾದ ರೋಗ ನಿಯಂತ್ರಣ ಕೇಂದ್ರ 44,672 ಸೋಂಕಿತರ ಲೆಕ್ಕ ಕೊಟ್ಟಿತು. ಸತ್ತವರು ಒಟ್ಟಾರೆ ನೂರಕ್ಕೆ 2.3. ಎಪ್ಪತ್ತರಿಂದ ಎಂಬತ್ತರ ಒಳಗಿನವರಲ್ಲಿ 8, ಎಂಬತ್ತು ದಾಟಿದವರಲ್ಲಿ 14.8. ಶುಗರ್ ಇದ್ದವರಲ್ಲಿ 7.3, ಯಾವ ಕಾಯಿಲೆಯೂ ಇಲ್ಲದವರಲ್ಲಿ 0.9. ಈ ಕೊನೆಯ ಅಂಕಿ ನೋಡಿ ಅಮ್ಮ ಕ್ಷೇಮ ಅನ್ನುವ ಹಾಗಿಲ್ಲ. ಕಾಯಿಲೆ ಇಲ್ಲದವರ ಗುಂಪಲ್ಲಿ ಹರೆಯದವರೇ ತುಂಬಿರುತ್ತಾರೆ, ಶುಗರ್ ಇರುವವರಲ್ಲಿ ಹಿರಿಯರು ಜಾಸ್ತಿ.

ಈ ಸಿಕ್ಕನ್ನು ಬಿಡಿಸಿದ್ದು ಇಂಗ್ಲೆಂಡಿನ ಒಂದು ಅಧ್ಯಯನ. ಅದೇ ವರ್ಷ ಅಲ್ಲಿ ಸುಮಾರು 1.7 ಕೋಟಿ ವಯಸ್ಕರ ದಾಖಲೆ ಜಾಲಾಡಿದರು. ಕಾಯಿಲೆಗಳ ಪಾಲನ್ನು ಕಳೆದು ನೋಡಿದರೂ, ಎಂಬತ್ತು ದಾಟಿದವರಿಗೆ ಸಾವಿನ ಅಪಾಯ ಐವತ್ತರಿಂದ ಅರವತ್ತರ ಒಳಗಿನವರಿಗಿಂತ ಸುಮಾರು 20 ಪಟ್ಟು. ಹಿಡಿತದಲ್ಲಿರುವ ಶುಗರ್ ಅಪಾಯವನ್ನು 1.3 ಪಟ್ಟು ಮಾಡಿದರೆ, ಹಿಡಿತ ತಪ್ಪಿದ ಶುಗರ್ ಹತ್ತಿರ ಹತ್ತಿರ ಎರಡು ಪಟ್ಟು ಮಾಡಿತ್ತು. ಬಿಪಿ ಒಂದನ್ನೇ ನೋಡಿದರೆ ಅಪಾಯ ಏರಿರಲೇ ಇಲ್ಲ! ಇವೆಲ್ಲ ಲಸಿಕೆ ಬರುವ ಮೊದಲಿನ ಲೆಕ್ಕ. ಈಗ ಸಾವು ತುಂಬಾ ಕಡಿಮೆ. ಆದರೂ ಹಿರಿಯರೇ ಮುಂದಿನ ಸಾಲಿನಲ್ಲಿದ್ದಾರೆ.

ಯಾಕೆ ಹೀಗೆ? ವಯಸ್ಸಾದ ಮೈ ವೈರಸ್ಸನ್ನು ಗುರುತಿಸಿ ಏಳುವುದೇ ನಿಧಾನ. ಅಷ್ಟರಲ್ಲಿ ಅದು ಶ್ವಾಸಕೋಶದಲ್ಲಿ ಬೇರು ಬಿಟ್ಟಿರುತ್ತದೆ. ಆಮೇಲೆ ಮೈ ಏಳುತ್ತದೆ, ಕೆಲವರಲ್ಲಿ ಅತಿಯಾಗಿ. ಆಗ ಆಗುವ ಊತವೇ ಉಸಿರಿಗೆ ಕುತ್ತು. ಜೊತೆಗೆ ಎಪ್ಪತ್ತರ ಕಿಡ್ನಿ, ಹೃದಯಕ್ಕೆ ಕಷ್ಟ ತಡೆಯುವ ಕಸುವು ಮೊದಲಿನಷ್ಟು ಇರುವುದಿಲ್ಲ. ರಿಪೋರ್ಟ್ ನಾರ್ಮಲ್ ಇದ್ದರೂ ಅಷ್ಟೇ.

ಶುಗರ್ ಇರುವವರ ಕಷ್ಟ ವಾರ್ಡಿನಲ್ಲಿ ಕಣ್ಣಿಗೇ ಕಾಣುತ್ತದೆ. ಸೋಂಕು ಬಂದರೇ ಶುಗರ್ ಏರುತ್ತದೆ. ಆಕ್ಸಿಜನ್ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಅನ್ನುವ, ಊತ ಇಳಿಸುವ ಸ್ಟೀರಾಯ್ಡ್ ಶುರು ಮಾಡುತ್ತಾರೆ, ಅದೂ ಶುಗರ್ ಏರಿಸುತ್ತದೆ. ಮನೆಯಲ್ಲಿ 150 ಇದ್ದದ್ದು 350 ತೋರಿಸಬಹುದು. ನರ್ಸ್ ಊಟಕ್ಕೆ ಮೊದಲು ಬೆರಳು ಚುಚ್ಚಿ ನೋಡುತ್ತಾರೆ, ಇನ್ಸುಲಿನ್ ಕೊಡುತ್ತಾರೆ. 'ಇನ್ನು ಜೀವನಪೂರ್ತಿ ಇಂಜೆಕ್ಷನ್ನೇ' ಅಂತ ಮನೆಯವರು ಗಾಬರಿಯಾಗುವುದುಂಟು. ಸ್ಟೀರಾಯ್ಡ್ ನಿಂತ ಮೇಲೆ ಎಷ್ಟೋ ಜನ ಮತ್ತೆ ಮಾತ್ರೆಗೇ ಬರುತ್ತಾರೆ. ಹಾಗಂತ ಆಕ್ಸಿಜನ್ ಬೇಕಿಲ್ಲದವರು ಮನೆಯಲ್ಲೇ ಈ ಸ್ಟೀರಾಯ್ಡ್ ನುಂಗಬಾರದು. ಲಾಭ ಇಲ್ಲ, ಶುಗರ್ ಸುಮ್ನೆ ಕೆಡುತ್ತದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಹೆಚ್ಚಾಗಿ ಕಾಡಿದ್ದು ಶುಗರ್ ಏರಿದವರನ್ನು, ಸ್ಟೀರಾಯ್ಡ್ ತಗೊಂಡವರನ್ನು.

ಅಮ್ಮನ ವಿಷಯದಲ್ಲಿ ಜ್ವರಕ್ಕೇ ಕಾಯಬೇಡಿ. ಹಿರಿಯರಿಗೆ ಕೆಲವೊಮ್ಮೆ ಜ್ವರವೇ ಬರುವುದಿಲ್ಲ. ಊಟ ಬಿಡುತ್ತಾರೆ, ಮಂಕಾಗುತ್ತಾರೆ, ಮಾತು ತಡವರಿಸುತ್ತದೆ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಅವರು 'ಚೆನ್ನಾಗಿದ್ದೀನಿ' ಅಂದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಅಪ್ಪನ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಬಿಪಿ ಮಾತ್ರೆ ಕೊರೊನಾವನ್ನು ಜೋರು ಮಾಡುತ್ತವೆ ಅಂತ 2020ರಲ್ಲಿ ಗುಲ್ಲೆದ್ದಿತ್ತು. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದವರ ಮೇಲೆಯೇ ಪರೀಕ್ಷೆ ಮಾಡಿ ನೋಡಿದರು. ಅಂಥ ಮಾತ್ರೆ ನಿಲ್ಲಿಸಿದವರಿಗೆ ಯಾವ ಲಾಭವೂ ಆಗಿರಲಿಲ್ಲ.