7 ಬೈಟ್ ಸಾಕಾಗುವ ಹೆಡರ್‌ಗೆ 8 ಬೈಟ್ ಯಾಕೆ?

ಪ್ರಶ್ನೆ: ನಮ್ಮದೇ ಒಂದು ಚಿಕ್ಕ ಪ್ರೊಟೊಕಾಲ್ ಬರೆಯುತ್ತಿದ್ದೇವೆ. ಪ್ರತಿ ಪ್ಯಾಕೆಟ್‌ನ ಶುರುವಿನಲ್ಲಿರುವ ಹೆಡರ್‌ನಲ್ಲಿ ಮೊದಲು 1 ಬೈಟ್ ಟೈಪ್, ಆಮೇಲೆ 4 ಬೈಟ್ ಸೀಕ್ವೆನ್ಸ್ ನಂಬರ್, ಕೊನೆಗೆ 2 ಬೈಟ್ ಉದ್ದ. ಒಟ್ಟು 7. ಕ್ರಮ ಬದಲಿಸಿ, ಒಂದು ಬೈಟ್ ಖಾಲಿ ಬಿಟ್ಟು 8 ಮಾಡಿ ಅಂತ ಒಬ್ಬರು ಹೇಳುತ್ತಾರೆ. ಸಿ ಭಾಷೆಯ ಸ್ಟ್ರಕ್ಟ್‌ಗೆ (ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ರಚನೆ) ‘ಪ್ಯಾಕ್ಡ್’, ಅಂದರೆ ನಡುವೆ ಖಾಲಿ ಬಿಡಬೇಡ, ಅಂತ ಹಾಕಿದರೆ ಸಾಕಲ್ವಾ? ಒಂದು ಬೈಟ್ ಸುಮ್ನೆ ಯಾಕೆ ದಂಡ ಮಾಡಬೇಕು?

ಉತ್ತರ: ಅವರು ಹೇಳಿದಂತೆ ಮಾಡಿ. ಆದರೆ ಹಾಗೆ ಮಾಡಿದ ಮೇಲೂ, ಪ್ಯಾಕೆಟ್ ಓದುವ ಕೋಡ್ ಆ ಜೋಡಣೆಯನ್ನು ನಂಬಬಾರದು. ಈ ಎರಡನೇ ಮಾತನ್ನೇ ಜಾಸ್ತಿ ಜನ ಮರೆಯುವುದು.

4 ಬೈಟ್‌ನ ಸಂಖ್ಯೆ 4ರಿಂದ ಭಾಗವಾಗುವ ವಿಳಾಸದಲ್ಲಿ ಇದ್ದರೆ ಪ್ರೊಸೆಸರ್‌ಗೆ ಓದುವುದು ಸಲೀಸು. ಇದೇ ಅಲೈನ್‌ಮೆಂಟ್. ವಿಳಾಸ ಹಾಗಿಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಚಿಪ್ ಮೇಲೆ ಹೋಗುತ್ತದೆ. ಇಂಟೆಲ್, ಎಎಂಡಿ ಕಂಪ್ಯೂಟರ್‌ಗಳ ಎಕ್ಸ್86 ಚಿಪ್ ತಲೆ ಕೆಡಿಸಿಕೊಳ್ಳುವುದಿಲ್ಲ, ಓದಿ ಕೊಡುತ್ತದೆ. ಓದಬೇಕಾದ ಸಂಖ್ಯೆ ಎರಡು ಕ್ಯಾಶ್ ಲೈನ್‌ಗಳಿಗೆ (ಪ್ರೊಸೆಸರ್ ಮೆಮೊರಿಯನ್ನು ಒಮ್ಮೆಗೆ ತರುವ ತುಂಡು) ಹಂಚಿಹೋಗಿದ್ದರೆ ಮಾತ್ರ ಸ್ವಲ್ಪ ನಿಧಾನ. ಸ್ಪಾರ್ಕ್ ಪ್ರೊಸೆಸರ್‌ನಲ್ಲಿ ಪ್ರೋಗ್ರಾಂ ‘ಬಸ್ ಎರರ್’ ಬಂದು ಸಾಯುತ್ತದೆ. ಹಳೆಯ ಆರ್ಮ್ ಚಿಪ್‌ಗಳದ್ದು ಇನ್ನೂ ಕೆಟ್ಟ ಬುದ್ಧಿ. ಎರರ್ ಕೊಡದೆ, ಬೈಟ್‌ಗಳನ್ನು ತಿರುಗಿಸಿ ತಪ್ಪು ಸಂಖ್ಯೆಯನ್ನೇ ಕೊಟ್ಟುಬಿಡುತ್ತಿದ್ದವು. ಈಗಲೂ ಕಾರ್ಟೆಕ್ಸ್ ಎಂ0 ತರಹದ ಪುಟ್ಟ ಚಿಪ್‌ನಲ್ಲಿ ಇಂಥ ಓದು ನೇರ ಫಾಲ್ಟ್.

ಇದಕ್ಕೇ ಕಂಪೈಲರ್ ಸ್ಟ್ರಕ್ಟ್ ಒಳಗೆ ತಾನೇ ಖಾಲಿ ಬೈಟ್ ತುಂಬುತ್ತದೆ. ನಿಮ್ಮ 7 ಬೈಟ್ ಸಾಮಾನ್ಯವಾಗಿ 12 ಆಗುತ್ತದೆ: ಟೈಪ್ ಆದಮೇಲೆ 3 ಖಾಲಿ, ಕೊನೆಯಲ್ಲಿ 2 ಖಾಲಿ. ಅದನ್ನು ಹಾಗೇ ನೆಟ್‌ವರ್ಕ್‌ಗೆ ಕಳಿಸಿದರೆ ಕಂಪೈಲರ್‌ನ ತೀರ್ಮಾನವೇ ನಿಮ್ಮ ಪ್ರೊಟೊಕಾಲ್ ಆಗಿಬಿಡುತ್ತದೆ. 4 ಬೈಟ್‌ನ ಒಂದು ಸಂಖ್ಯೆ, 8 ಬೈಟ್‌ನ ಒಂದು ಸಂಖ್ಯೆ ಇರುವ ಸ್ಟ್ರಕ್ಟ್ 32 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ 12 ಬೈಟ್, 64 ಬಿಟ್‌ನಲ್ಲಿ 16 ಬೈಟ್. ಕೋಡ್ ಒಂದೇ, ಆದರೂ ಎರಡು ಮೆಷೀನ್‌ಗಳು ಮಾತಾಡುವುದಿಲ್ಲ.

ಪ್ಯಾಕ್ಡ್ ಹಾಕಿದರೆ ಗಾತ್ರದ ಗೊಂದಲ ಹೋಗುತ್ತದೆ, ನಿಜ. ಆದರೆ ಸೀಕ್ವೆನ್ಸ್ ನಂಬರ್ ಈಗ 1ನೇ ಬೈಟ್‌ನಿಂದ ಶುರು. ಸ್ಟ್ರಕ್ಟ್ ಮೂಲಕ ಓದುವಾಗ ಕಂಪೈಲರ್‌ಗೆ ಇದು ಗೊತ್ತಿರುತ್ತದೆ, ಅಗತ್ಯವಿದ್ದರೆ ಬೈಟ್ ಬೈಟ್ ಆಗಿ ಓದುತ್ತದೆ. ಅದೇ ಫೀಲ್ಡ್‌ನ ವಿಳಾಸವನ್ನು ಸಾಮಾನ್ಯ ಪಾಯಿಂಟರ್‌ನಲ್ಲಿ ಹಾಕಿ ಇನ್ನೊಂದು ಫಂಕ್ಷನ್‌ಗೆ ಕೊಟ್ಟರೆ ಆ ತಿಳಿವಳಿಕೆ ಅಲ್ಲಿಗೆ ಹೋಗುವುದಿಲ್ಲ. ಜಿಸಿಸಿ ಕಂಪೈಲರ್ ಎಚ್ಚರಿಕೆ ಕೊಡುತ್ತದೆ, ಅದನ್ನು ನೋಡಿಯೂ ನೋಡದ ಹಾಗೆ ಇರುವವರೇ ಹೆಚ್ಚು.

ಹಳೆಯ ಪ್ರೊಟೊಕಾಲ್‌ಗಳು ಈ ವಿಷಯದಲ್ಲಿ ಬಹಳ ಶಿಸ್ತಿನವು. 1981ರ ಐಪಿವಿ4 ಹೆಡರ್ 20 ಬೈಟ್, ಎರಡು ವಿಳಾಸಗಳು 12 ಮತ್ತು 16ನೇ ಬೈಟ್‌ನಲ್ಲಿ. ಹೆಡರ್ ಉದ್ದವನ್ನು ಬೈಟ್‌ನಲ್ಲಿ ಹೇಳುವುದೇ ಇಲ್ಲ, 4 ಬೈಟ್‌ನ ತುಂಡುಗಳ ಲೆಕ್ಕದಲ್ಲಿ ಹೇಳುತ್ತದೆ. ಅಲೈನ್‌ಮೆಂಟ್ ತಪ್ಪುವ ಉದ್ದವನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ! ಐಪಿವಿ6ನಲ್ಲಿ ಹೆಡರ್ 40 ಬೈಟ್, ವಿಳಾಸಗಳು 8 ಮತ್ತು 24ರಲ್ಲಿ, ಎಕ್ಸ್‌ಟೆನ್ಷನ್ ಹೆಡರ್‌ಗಳು 8ರ ಗುಣಕದಲ್ಲಿ. ಟಿಸಿಪಿಯ ಟೈಮ್‌ಸ್ಟ್ಯಾಂಪ್ ಆಪ್ಷನ್ 10 ಬೈಟ್. ಅದರ ಮುಂದೆ ಏನೂ ಮಾಡದ ಎರಡು ‘ನೋ ಆಪರೇಷನ್’ ಬೈಟ್ ಇಟ್ಟು 12 ಮಾಡುವುದು ರೂಢಿ. ಲಿನಕ್ಸ್ ಕರ್ನಲ್ ಇದರ ಲಾಭ ಹೇಗೆ ಪಡೆಯುತ್ತದೆ ನೋಡಿ: ಆಪ್ಷನ್‌ಗಳ ಮೊದಲ 4 ಬೈಟ್‌ಗಳನ್ನು ಒಂದೇ ಸಂಖ್ಯೆಯಾಗಿ ಹೋಲಿಸುತ್ತದೆ. ಹೊಂದಿದರೆ ಮುಂದಿರುವುದು ಟೈಮ್‌ಸ್ಟ್ಯಾಂಪ್ ಅಂತ ಖಾತ್ರಿ, ಆಪ್ಷನ್‌ಗಳನ್ನು ಒಂದೊಂದಾಗಿ ಬಿಡಿಸುವ ಕೆಲಸ ಉಳಿಯಿತು.

ಇಷ್ಟೆಲ್ಲ ಶಿಸ್ತನ್ನು ಕೆಡಿಸುವುದು ಕೆಳಗಿನ ಪದರ. ಈಥರ್‌ನೆಟ್ ಹೆಡರ್ 14 ಬೈಟ್. ಬಫರ್ ಸರಿಯಾದ ವಿಳಾಸದಲ್ಲಿ ಶುರುವಾದರೆ, ಅದರ ಹಿಂದೆ ಬರುವ ಐಪಿ ಹೆಡರ್ 14ರಲ್ಲಿ ಕೂರುತ್ತದೆ, ಅಂದರೆ 2 ಬೈಟ್ ಆಚೀಚೆ. ಲಿನಕ್ಸ್ ಡ್ರೈವರ್‌ಗಳು ಬಫರ್ ಮುಂದೆ 2 ಬೈಟ್ ಬಿಟ್ಟು ಐಪಿಯನ್ನು 16ಕ್ಕೆ ತರುವುದು ಇದಕ್ಕೇ. ಆದರೆ ಎಕ್ಸ್86ನಲ್ಲಿ ಆ 2 ಬೈಟ್ ಬಿಡುವುದಿಲ್ಲ. ಅಲ್ಲಿ ಅಡ್ಡಾದಿಡ್ಡಿ ಓದು ಅಗ್ಗ, ನೆಟ್‌ವರ್ಕ್ ಕಾರ್ಡ್ ಅಡ್ಡಾದಿಡ್ಡಿ ವಿಳಾಸಕ್ಕೆ ಬರೆಯುವುದೇ ದುಬಾರಿ.

ಒಂದು ಪ್ಯಾಕೆಟ್ ಒಳಗೆ ಇನ್ನೊಂದು ಇಡೀ ಫ್ರೇಮ್ ಇಟ್ಟು ಕಳಿಸುವ ವಿಎಕ್ಸ್‌ಲ್ಯಾನ್ ತರಹದ ಟನೆಲ್ ಬಂದರೆ ಇನ್ನೂ ಮಜಾ. ಹೊರಗಿನ ಈಥರ್‌ನೆಟ್ 14, ಐಪಿ 20, ಯುಡಿಪಿ 8, ವಿಎಕ್ಸ್‌ಲ್ಯಾನ್ 8, ಒಳಗಿನ ಈಥರ್‌ನೆಟ್ 14. ಕೂಡಿದರೆ 64. ಒಳಗಿನ ಐಪಿ ತಾನಾಗಿಯೇ ಸರಿಯಾದ ಜಾಗದಲ್ಲಿದೆ, ಹೊರಗಿನದು ಇಲ್ಲ. ಹೊರಗಿನದಕ್ಕೆ ಅಂತ 2 ಬೈಟ್ ಬಿಟ್ಟರೆ ಒಳಗಿನದು 66ಕ್ಕೆ ಹೋಗುತ್ತದೆ. ಒಂದೇ ಬಫರ್‌ನಲ್ಲಿ ಎರಡನ್ನೂ ಸರಿ ಮಾಡಲು ಆಗುವುದೇ ಇಲ್ಲ. ನಿಮ್ಮ ಹೆಡರ್ ಎಷ್ಟೇ ಚಂದ ಇರಲಿ, ಅದು ಮೆಮೊರಿಯಲ್ಲಿ ಎಲ್ಲಿ ಇಳಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ಆದ್ದರಿಂದ ಓದುವಾಗ ಪಾಯಿಂಟರ್ ಕಾಸ್ಟ್, ಅಂದರೆ ಬಫರ್‌ನ ವಿಳಾಸವನ್ನೇ 4 ಬೈಟ್ ಸಂಖ್ಯೆಯ ವಿಳಾಸ ಅಂತ ಭಾವಿಸಿ ಓದುವುದು, ಬೇಡ. ಬೈಟ್‌ಗಳನ್ನು ನಕಲಿಸುವ ಮೆಮ್‌ಕಾಪಿ ಫಂಕ್ಷನ್ ಮೂಲಕ ಒಂದು ಲೋಕಲ್ ವೇರಿಯಬಲ್‌ಗೆ ತೆಗೆದುಕೊಳ್ಳಿ, ಆಮೇಲೆ ಬೈಟ್ ಆರ್ಡರ್ ಬದಲಿಸಿ. ನಿಧಾನ ಆಗುತ್ತದೆ ಅನ್ನುವ ಭಯ ಬೇಡ. ಎಕ್ಸ್86ನಲ್ಲಿ ಆಪ್ಟಿಮೈಸೇಷನ್ ಇದ್ದರೆ ಕಂಪೈಲರ್ ಅದನ್ನು ಒಂದೇ ಇನ್‌ಸ್ಟ್ರಕ್ಷನ್‌ಗೆ ಇಳಿಸುತ್ತದೆ. ‘ನಮ್ಮದು ಎಕ್ಸ್86 ಮಾತ್ರ, ಕಾಸ್ಟ್ ಮಾಡಿದರೆ ಏನೂ ಆಗಲ್ಲ’ ಅನ್ನುವ ವಾದವೂ ನಿಲ್ಲುವುದಿಲ್ಲ. ಸಿ ನಿಯಮದ ಪ್ರಕಾರ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಭಾಷೆ ಯಾವ ಖಾತ್ರಿಯನ್ನೂ ಕೊಡುವುದಿಲ್ಲ. ಇಂಥ ಓದು ಇರುವ ಲೂಪ್‌ಗೆ ಕಂಪೈಲರ್, ಅಲೈನ್ ಆದ ವಿಳಾಸವನ್ನೇ ಬಯಸುವ ಎಸ್‌ಎಸ್‌ಇ ಇನ್‌ಸ್ಟ್ರಕ್ಷನ್ (ಹಲವು ಸಂಖ್ಯೆಗಳನ್ನು ಒಟ್ಟಿಗೆ ಸಂಸ್ಕರಿಸುವಂಥದ್ದು) ಹಾಕಿದರೆ ಎಕ್ಸ್86ನಲ್ಲೂ ಕ್ರ್ಯಾಶ್ ಆಗುತ್ತದೆ.

ಹಾಗಾದರೆ ನಿಮ್ಮ ಹೆಡರ್ ಹೀಗಿರಲಿ: ಟೈಪ್ 1, ರಿಸರ್ವ್ಡ್ 1, ಉದ್ದ 2, ಸೀಕ್ವೆನ್ಸ್ 4. ಕಂಪೈಲರ್ ತುಂಬಲು ಸಂದೇ ಇಲ್ಲ, ಆದ್ದರಿಂದ ಪ್ಯಾಕ್ಡ್ ಕೂಡ ಬೇಡ. ಸಾಲಾಗಿ ಹಲವು ಮೆಸೇಜ್ ಹೋಗುವುದಾದರೆ ಪ್ರತಿ ಮೆಸೇಜ್‌ನ ಪೂರ್ತಿ ಉದ್ದವನ್ನೂ 4ರ ಗುಣಕಕ್ಕೆ ತನ್ನಿ, ಇಲ್ಲದಿದ್ದರೆ ಎರಡನೇ ಮೆಸೇಜ್‌ನಿಂದಲೇ ಲೆಕ್ಕ ತಪ್ಪುತ್ತದೆ.

ಆ ರಿಸರ್ವ್ಡ್ ಬೈಟ್ ದಂಡವಲ್ಲ. ಕಳಿಸುವವರು ಸೊನ್ನೆ ಹಾಕಬೇಕು, ಪಡೆಯುವವರು ಅದನ್ನು ನೋಡಬಾರದು ಅಂತ ಸ್ಪಷ್ಟವಾಗಿ ಬರೆದಿಟ್ಟರೆ ಮುಂದೆ ಫ್ಲ್ಯಾಗ್‌ಗೆ ಜಾಗ ಸಿಗುತ್ತದೆ. ಸೊನ್ನೆ ಹಾಕುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2003ರಲ್ಲಿ ಹೊರಬಂದ ‘ಈಥರ್‌ಲೀಕ್’ ದೋಷ ಇಂಥದ್ದೇ. ಚಿಕ್ಕ ಫ್ರೇಮ್‌ಗಳನ್ನು ಕನಿಷ್ಠ ಗಾತ್ರಕ್ಕೆ ತುಂಬುವಾಗ ಹಲವು ಡ್ರೈವರ್‌ಗಳು ಸೊನ್ನೆ ಹಾಕದೆ, ಮೆಮೊರಿಯಲ್ಲಿ ಉಳಿದಿದ್ದ ಹಳೆಯ ಡೇಟಾವನ್ನೇ ಹೊರಗೆ ಕಳಿಸುತ್ತಿದ್ದವು.

8 ಬೇಡ, 7 ಇರಲಿ ಅನ್ನುವ ಸಂದರ್ಭಗಳೂ ಇವೆ. ಕಡಿಮೆ ಶಕ್ತಿಯ ಸಾಧನಗಳಿಗೆ ಇರುವ 802.15.4 ರೇಡಿಯೊದಲ್ಲಿ ಸಾಮಾನ್ಯವಾಗಿ ಇಡೀ ಫ್ರೇಮ್ 127 ಬೈಟ್ ಮೀರುವಂತಿಲ್ಲ, ಅಲ್ಲಿ ಪ್ರತಿ ಬೈಟ್‌ಗೂ ಬ್ಯಾಟರಿ ಖರ್ಚಾಗುತ್ತದೆ. 2021ರಲ್ಲಿ ಪ್ರಮಾಣಿತವಾದ, ಯುಡಿಪಿ ಮೇಲೆ ಓಡುವ ಕ್ವಿಕ್ ಪ್ರೊಟೊಕಾಲ್ ಕೂಡ ಅಲೈನ್‌ಮೆಂಟ್ ಕೈಬಿಟ್ಟಿದೆ. ಅದರಲ್ಲಿ ಹೆಚ್ಚಿನ ಸಂಖ್ಯೆಗಳು ಅಗತ್ಯಕ್ಕೆ ತಕ್ಕಂತೆ 1, 2, 4 ಅಥವಾ 8 ಬೈಟ್. ಎಲ್ಲವನ್ನೂ ಡಿಕ್ರಿಪ್ಟ್ ಮಾಡಲೇಬೇಕಾದ ಕಡೆ ಒಂದು ಅಡ್ಡಾದಿಡ್ಡಿ ಓದಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

7 ಇಡಿ, 8 ಇಡಿ, ಒಂದು ಟೆಸ್ಟ್ ಮಾತ್ರ ಬರೆಯಿರಿ. ಅದೇ ಪ್ಯಾಕೆಟ್ ಅನ್ನು ಬಫರ್‌ನ 0, 1, 2, 3ನೇ ಬೈಟ್‌ನಿಂದ ಶುರುವಾಗುವ ಹಾಗೆ ಇಟ್ಟು, ತಪ್ಪು ಅಲೈನ್‌ಮೆಂಟ್‌ನ ಓದನ್ನು ಓಡುವಾಗಲೇ ಹಿಡಿಯುವ, ಕಂಪೈಲರ್‌ನ ಅಲೈನ್‌ಮೆಂಟ್ ಸ್ಯಾನಿಟೈಸರ್ ಆನ್ ಮಾಡಿ ನಾಲ್ಕು ಸಲ ಓದಿಸಿ. ಎಲ್ಲೋ ಅಡಗಿರುವ ಪಾಯಿಂಟರ್ ಕಾಸ್ಟ್ ಅಲ್ಲೇ ಸಿಕ್ಕಿಬೀಳುತ್ತದೆ.