ಪೋಸ್ಟರ್ ಚಿತ್ರ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಪೋಸ್ಟರ್ ಮಾಡಿದರೆ ಮಾಮೂಲಿ ಚಿತ್ರದ ಮೇಲೆ ಅಕ್ಷರ ಅಂಟಿಸಿದ ಹಾಗೆ ಕಾಣುತ್ತದೆ. ಇಲಸ್ಟ್ರೇಟರ್‌ಗಳು ಹೇಗೆ ಮಾಡುತ್ತಾರೆ?

ಉತ್ತರ: ನೀವು ಅಕ್ಷರವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೀರಿ ಅನಿಸುತ್ತದೆ. ಪೋಸ್ಟರ್‌ನಲ್ಲಿ ಹೆಸರೂ ಚಿತ್ರವೇ ಅಲ್ವಾ? ಮೊದಲ ಗೀಟು ಎಳೆಯುವಾಗಲೇ ಅದಕ್ಕೆ ಜಾಗ ಬೇಕು.

1891ರಲ್ಲಿ ಫ್ರೆಂಚ್ ಚಿತ್ರಕಾರ ತುಲೂಸ್ ಲೋತ್ರೆಕ್ ಪ್ಯಾರಿಸ್‌ನ ಮುಲಾಂ ರೂಜ್ ಎಂಬ ನೃತ್ಯಶಾಲೆಗೆ ಮಾಡಿದ ಪೋಸ್ಟರ್ ಹುಡುಕಿ ನೋಡಿ. ಮೇಲೆ ಆ ಜಾಗದ ಹೆಸರು ಒಂದರ ಕೆಳಗೊಂದು ಮೂರು ಸಲ ಇದೆ. ಮೂರಕ್ಕೂ ಸೇರಿ ಮೊದಲಕ್ಷರ ಒಂದೇ, ದೊಡ್ಡದು. ನಡುವೆ ಅಲ್ಲಿನ ನರ್ತಕಿ ಲಾ ಗುಲೂ ಕುಣಿಯುತ್ತಿದ್ದಾಳೆ. ಅವಳ ಲಂಗದ ಬಿಳುಪು ಬಳಿದ ಬಣ್ಣವಲ್ಲ, ಖಾಲಿ ಬಿಟ್ಟ ಕಾಗದ! ಹಿಂದೆ ನಿಂತ ಜನ ಬರೀ ಕಪ್ಪು ನೆರಳು. ಮುಂದೆ ಅವಳ ಜೊತೆಗಾರ ವಾಲಂತಾಂ ಬೂದು ಆಕಾರ, ಅಷ್ಟೇ. ಹಾಗಾಗಿ ಕಣ್ಣು ನೇರ ಆ ಲಂಗಕ್ಕೇ ಹೋಗುತ್ತದೆ. ಅದು ಕಲ್ಲಚ್ಚಿನ ಕಾಲ, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಕಾಗದಕ್ಕೆ ಒತ್ತುತ್ತಿದ್ದರು; ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು ಬೇಕು. ಅದಕ್ಕೇ ಬಣ್ಣ ಕಡಿಮೆ, ಆಕಾರಗಳು ಚಪ್ಪಟೆ. ಇವತ್ತು ನಾವು ಪೋಸ್ಟರ್ ಶೈಲಿ ಅನ್ನುವುದಕ್ಕೆ ಈ ಕಲ್ಲಚ್ಚಿನ ಋಣ ಜಾಸ್ತಿ ಇದೆ.

ನೀವೂ ಮೊದಲು ಅಂಚೆಚೀಟಿಯಷ್ಟು ದೊಡ್ಡ ಚೌಕಗಳಲ್ಲಿ ನಾಲ್ಕಾರು ಕರಡು ಗೀಚಿ. ಕಣ್ಣು, ಮೂಗು ಬೇಡ. ಕಪ್ಪು, ಬೂದು, ಬಿಳಿ ಸಾಕು. ಹೆಸರಿನ ಜಾಗವನ್ನೂ ಒಂದು ಪಟ್ಟಿಯಾಗಿ ತುಂಬಿ. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ. ಯಾವುದು ಮೊದಲು ಕಾಣುತ್ತದೆ? ಎರಡು ಸಂಗತಿ ಒಟ್ಟಿಗೆ ಜಗ್ಗಿದರೆ ಒಂದನ್ನು ತೆಗೆಯಿರಿ. ಕರಡು ಗಟ್ಟಿಯಾದ ಮೇಲೆ ದೊಡ್ಡದು ಮಾಡಿ, ಮೂರ್ನಾಲ್ಕು ಬಣ್ಣ ಆರಿಸಿಕೊಳ್ಳಿ.

ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರ ಬೇಕು. ನಮ್ಮ ಒತ್ತು ಕೆಳಗೆ ಇಳಿಯುತ್ತದೆ. ‘ಯಕ್ಷಗಾನ’ ಎಂದು ಬರೆದು ಅದರ ಕೆಳಗೆ ‘ಸಪ್ತಾಹ’ ಬರೆಯಿರಿ. ‘ಕ್ಷ’ದ ಒತ್ತು ನೇರ ‘ಪ್ತಾ’ದ ತಲೆಗೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಮಾಡಿದರೆ ತಪ್ಪುತ್ತದೆ, ಆದರೆ ಎರಡು ಪದ ದೂರವಾಗುತ್ತವೆ. ಕೆಳಗಿನ ಸಾಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಒತ್ತು ಎರಡು ಅಕ್ಷರದ ಸಂದಿಗೆ ಇಳಿಯುವ ಹಾಗೆ ಕೈಯಲ್ಲೇ ಬರೆಯುವುದು ನನಗೆ ಹೆಚ್ಚು ಇಷ್ಟ. ರೆಡಿಮೇಡ್ ಫಾಂಟ್‌ನಲ್ಲಿ ಆ ಹೊಂದಾಣಿಕೆ ಸುಲಭಕ್ಕೆ ಸಿಗುವುದಿಲ್ಲ.

ಪ್ರಿಂಟ್‌ಗೆ ಕೊಡುವ ಮುಂಚೆ ಒಂದು ಎ4 ಪ್ರತಿ ತೆಗೆದು, ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಯಿಂದ ಓದಿ. ಸ್ಕ್ರೀನ್ ಮೇಲೆ ಹೊಳೆಯುವ ಹಸಿರು, ಕಿತ್ತಳೆ ಕಾಗದದಲ್ಲಿ ಮಂಕಾಗುತ್ತವೆ. ಬಣ್ಣ ಬದಲಿಸುವುದಿದ್ದರೆ ಆಗಲೇ ಬದಲಿಸಿ.